ತುಕ್ಕು ಕೆರೆಯದೆ ಅಳೆದ ಪೈಪು

ಇಂಜಿನಿಯರ್ ಮೇಡಂ ಅವರಿಗೆ, ರೆಸ್ಪೆಕ್ಟೆಡ್ ನಮಸ್ಕಾರಗಳು.

ಸೋಮವಾರ ಹಳೇ ಗ್ಯಾಸ್ ಪೈಪಿನ ಒತ್ತಡ ಏರಿಸುತ್ತೀರಂತೆ. ಸೇತುವೆ ಕೆಳಗಿನ ಭಾಗಕ್ಕೆ ನಾನು ಬರೆದಿಟ್ಟ ದಪ್ಪವನ್ನು ನಂಬಬೇಡಿ. ತುಕ್ಕು ಕೆರೆಯದೆಯೇ ಅಳೆದಿದ್ದೆ. ಗಟ್ಟಿ ಕಬ್ಬಿಣ ಅದಕ್ಕಿಂತ ತೆಳುವಿರಬಹುದು. ಪ್ಲೀಸ್, ಕೆರೆಸಿ ಮತ್ತೆ ಅಳತೆ ಮಾಡಿಸಿ.

ಅದು ನನ್ನ ಕೊನೆಯ ತಪಾಸಣೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನಾಕೆ ಕೆಲಸ ನೋಡಲು ಬಂದಿದ್ದಳು. "ನನ್ನ ಸವತಿ ಇವಳೇನಾ? ನನಗಿಂತ ಮುದುಕಿ! ಬಿಡಿ ಅವಳನ್ನ, ಊಟ ಆರುತ್ತೆ" ಎಂದು ಪೈಪು ತಟ್ಟಿ ನಕ್ಕಳು. ತುಕ್ಕು ಕೆರೆಯುವ ಬ್ರಷ್ ಕೆಳಗಿಟ್ಟೆ. ಪೈಪಿನ ನೆರಳಲ್ಲೇ ಕೂತು ಉಂಡೆವು. ವಾಟ್ ಎ ಡೇ, ಮೇಡಂ!

ಅವಳು ಬದುಕಿದ್ದಷ್ಟು ದಿನ ಈ ತಪ್ಪು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ತನ್ನಿಂದಾಯಿತೆಂದು ನೊಂದುಕೊಳ್ಳುತ್ತಿದ್ದಳು. ಈಗ ವರದಿಯಲ್ಲಿ ನನ್ನ ಹೆಸರು ಧಾರಾಳವಾಗಿ ಬರೆಯಿರಿ. ಊಟದ ಸಂಗತಿ ಮಾತ್ರ ಬೇಡ.

ಯುವರ್ಸ್ ಫೇಯ್ತ್‌ಫುಲಿ,
ನಿಮ್ಮ ಹಳೇ ಪೈಪ್ ತಪಾಸಣೆಗಾರ