ಏಳು ಕಾಲಿನ ಚೇಳು

ಹುಬ್ಬಳ್ಳಿ
೩೦ ಫೆಬ್ರವರಿ ೨೧೪೮

ದಾಕ್ಷಾಯಣಿ ಅಜ್ಜಿಗೆ ನಮಸ್ಕಾರ.

ಒಂದು ಮಾತನ್ನು ಬರೆಯದೆಯೇ ಈ ಪತ್ರ ಮುಗಿಸುವವಳಿದ್ದೆ. ಹಾಗೆ ಎರಡು ಸಲ ಮುಗಿಸಿಯೂ ಇದ್ದೆ, ಎರಡನ್ನೂ ಹರಿದೆ. ನಿಮ್ಮ ಎಡಗೈ ಮೇಲಿನ ಚೇಳಿನ ಹಚ್ಚೆಯನ್ನು ಅಳಿಸಿದವಳು ನಾನು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಹೆಸರು ಶಾರ್ವರಿ. ಇನ್ನೂ ಹುಟ್ಟಿರದ ನಿಮ್ಮ ಮಗಳ ಮೊಮ್ಮಗಳ ಮಗಳು. ನನಗೀಗ ನಲವತ್ತಾರು. ಈ ಪತ್ರ ತಲುಪುವಾಗ ನಿಮಗೆ ಇಪ್ಪತ್ತನಾಲ್ಕು. ಮಗಳ ವಯಸ್ಸಿನವರನ್ನು ಅಜ್ಜಿ ಎನ್ನುವುದು ನನಗೂ ವಿಚಿತ್ರವೇ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕನ್ನಡ ಬರೆಯಲು ಕಲಿತದ್ದು ದೊಡ್ಡವಳಾದ ಮೇಲೆ. ಇಲ್ಲಿನ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇರಲೇ ಇಲ್ಲ. ಕ್ಷಮಿಸಿ.

ನಮ್ಮ ಅಂಗಡಿಗಳ ಗಾಜಿನೊಳಗೆ ಬಟ್ಟೆ ತೊಟ್ಟು ನಡೆದಾಡುವವರು ಮನುಷ್ಯರಲ್ಲ. ಅವನ್ನು ಮೈಪಡಿ ಎನ್ನುತ್ತೇವೆ. ಯಾವ ಕಾಲದಲ್ಲೋ ಯಾರದೋ ಮೈಯ ಅಳತೆ ತೆಗೆದು ಇಟ್ಟುಕೊಂಡ ಬೆಳಕಿನ ಪಡಿಯಚ್ಚು ಅದು. ಅದಕ್ಕೆ ವಯಸ್ಸಾಗುವುದಿಲ್ಲ, ಸುಸ್ತಾಗುವುದಿಲ್ಲ, ಬೇಡ ಎನ್ನುವುದಕ್ಕೂ ಬರುವುದಿಲ್ಲ. ಬೆಳಗಿನ ಎಂಟರ ಮೇಲೆ ಬಿಸಿಲಿಗೆ ಹೊರಗೆ ಕಾಲಿಡಲಾಗದ ನಮ್ಮ ಊರಿನಲ್ಲಿ ಎಲ್ಲರೂ ತಂಪುಬಟ್ಟೆ ತೊಡುತ್ತೇವೆ. ದುರ್ಗದ ಬೈಲಿನ ಅಂಗಡಿಯಲ್ಲಿ ಆ ಬಟ್ಟೆ ತೊಟ್ಟು ತಿರುಗುವ ಹುಡುಗಿಯ ಮುಂದೆ ವರ್ಷಗಟ್ಟಲೆ ಓಡಾಡಿದ್ದೇನೆ. ಅವಳು ಯಾವಾಗಲೂ ಉದ್ದ ತೋಳಿನಲ್ಲಿ ಇರುತ್ತಿದ್ದಳು. ಅದು ನೀವು ಎಂದು ನನಗೆ ಗೊತ್ತಿರಲಿಲ್ಲ.

ನನ್ನ ಕೆಲಸ ಹಳೆಯ ಮೈಪಡಿಗಳ ಕಲೆ, ಗಾಯದ ಗುರುತು, ಹಚ್ಚೆಗಳನ್ನು ಅಳಿಸುವುದು. ಗುರುತೇ ಇಲ್ಲದ ಬರಿಮೈ ಇದ್ದರೆ ಯಾವ ಬಟ್ಟೆಗೂ ಒಗ್ಗುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಒಂದು ರೂಢಿ ಇದೆ. ಮೈಪಡಿಯ ಮುಖಕ್ಕೆ ಬೂದು ಮುಸುಕು ಹಾಕಿಯೇ ನಮ್ಮ ಮೇಜಿಗೆ ಕೊಡುತ್ತಾರೆ, ಮುಖ ಕಂಡರೆ ಅಳಿಸಲು ಮನಸ್ಸು ಬರುವುದಿಲ್ಲವೆಂದು. ಕೆಲಸ ಹಿಡಿಯುವ ಮುನ್ನ ಮೇಜು ಮುಟ್ಟಿ "ತಪ್ಪಾಯ್ತು ತಾಯಿ" ಎಂದು ಒಮ್ಮೆ ಹೇಳುತ್ತೇವೆ. ಇದು ತಮ್ಮವರದೇ ಮೈ ಎಂದು ಯಾರಿಗಾದರೂ ಅನುಮಾನ ಬಂದರೆ ಕೈ ಎತ್ತಿ ಮುಸುಕು ತೆಗೆಸಬಹುದು. ಆದರೆ ಕೈ ಎತ್ತಿದವರನ್ನು ಮತ್ತೆ ಮೇಜಿಗೆ ಕೂರಿಸಿದ್ದನ್ನು ನಾನು ನೋಡಿಲ್ಲ.

ನಿಮ್ಮ ಚೇಳಿನ ಕಥೆ ನನಗೆ ತಿಳಿದಿತ್ತು. ಒಂಬತ್ತು ವರ್ಷದ ಹುಡುಗಿ ಏಳು ಕಾಲು ಮೂಡುವವರೆಗೆ ಹಲ್ಲು ಕಚ್ಚಿ ಕೂತು, ಎಂಟನೆಯದಕ್ಕೆ ಸೂಜಿ ಇಡುವಷ್ಟರಲ್ಲಿ ಎದ್ದು ಓಡಿದಳಂತೆ. ನಾವು ಚಿಕ್ಕವರಿದ್ದಾಗ ಯಾವ ಕೆಲಸ ಅರ್ಧಕ್ಕೆ ಬಿಟ್ಟರೂ ಅವ್ವ, "ಎಂಟನೇ ಕಾಲಿಗೆ ಓಡಿದಾಕಿ ಮೊಮ್ಮಕ್ಕಳಲ್ಲೇನ್ ನೀವು" ಎಂದು ಹಂಗಿಸುತ್ತಿದ್ದಳು. ಮೇಜಿನ ಮೇಲೆ ಆ ಕೈ ಬಂದ ಮೊದಲ ದಿನವೇ ಎಣಿಸಿದೆ. ಒಂದು ಪಕ್ಕ ನಾಲ್ಕು, ಇನ್ನೊಂದು ಪಕ್ಕ ಮೂರು. ಪಕ್ಕದ ಮೇಜಿನ ಚಂಪವ್ವ, "ಯಾಕ್ ಶಾರ್ವರಿ, ಕೈ ನಿಂತೈತಲ್ಲ?" ಎಂದಳು. "ಏನಿಲ್ಲಕ್ಕ, ಕಣ್ಣುರಿ" ಎಂದೆ. ಯಾವುದೋ ಒಂದು ಕಾಲು ಮಾಸಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಮೂರು ದಿನ ಅಳಿಸಿದೆ, ಕಾಲುಗಳಿಂದ ಶುರುಮಾಡಿ, ಬಾಲವನ್ನು ಕೊನೆಗೆ. ನಾನು ಅಳಿಸುವುದು ಮೂಲ ಪಡಿಯಚ್ಚಿನಲ್ಲೇ. ಅಲ್ಲಿ ಅಳಿದದ್ದು ಅದರ ಎಲ್ಲ ಪ್ರತಿಗಳಲ್ಲೂ ಅಳಿಯುತ್ತದೆ. ತಿಳಿಯದೆ ಮಾಡಿದೆ ಎನ್ನಲಾರೆ. ಯಾರೋ ಅಳಿಸಿದರು ಎಂದು ಬರೆದ ಪತ್ರಗಳನ್ನೇ ನಾನು ಹರಿದದ್ದು.

ಕೆಲಸ ಮುಗಿದ ಮೇಲೆ ಮುಸುಕು ತೆಗೆದು, ಅಳತೆಯ ದಿನ ಹಿಡಿದಿಟ್ಟ ದನಿಯನ್ನು ಕೇಳಿಸಿ ತಾಳೆ ನೋಡುತ್ತಾರೆ. ದನಿ ಹೇಳಿತು: "ನಾನು ದಾಕ್ಷಾಯಣಿ ರೀ, ರಾಣೆಬೆನ್ನೂರು. ಸೀರಿ ಅಂಗಡಿ ಜಾಹೀರಾತಿಗೆ ನಿಂತಾಗ ಉದ್ದ ತೋಳಿನ ಜಂಪರ್ ಹಾಕ್ಸಿದ್ರು. ಬಂಗಾರದವ್ರು ಕೈಗೆ ಅರ್ಧ ಡಬ್ಬಿ ಬಣ್ಣ ಬಳದ್ರು, ಬೆವರಿಗೆ ಚೇಳು ಮತ್ತ ಎದ್ದು ಬಂತು ನೋಡ್ರಿ! ಇದನ್ನ ಮಾತ್ರ ತೆಗೀಬ್ಯಾಡ್ರಿ ಅಣ್ಣಾ. ಸತ್ತಾಗ ಸಂಗಾಟ ಬರೋದು ಇದೊಂದ ಅಂತ ನಮ್ಮವ್ವ ಅಂದಾಳ." ಯಾರೋ ಗಂಡಸು, "ಇಲ್ಲಿ ಯಾರೂ ಮುಚ್ಚಲ್ಲ ಮೇಡಂ, ಹೆಂಗಿದೀರೋ ಹಂಗೇ" ಎಂದ. ನೀವು ನಕ್ಕಿರಿ. "ಹಂಗಾದ್ರ ಎಲ್ಲಿ ಸಹಿ ಹಾಕ್ಲಿ?"

ಆ ನಗು ನನ್ನ ಮಗಳದೇ. ನೀಲಾಂಬಿಕೆಗೆ ಹತ್ತೊಂಬತ್ತು. ಈಗ ಹೊಸದಾಗಿ ಅಳತೆ ಕೊಡುವವರಿಗೆ ಬರಿಮೈ ಇರಲೇಬೇಕು. ಅವಳಿಗೆ ಅಳತೆ ಬೇಡ, ತಾನೇ ಬಟ್ಟೆ ತೊಟ್ಟು ಜನರ ಮುಂದೆ ಹೋಗಿ ನಿಲ್ಲಬೇಕು. ಹಾಗೆ ನಿಲ್ಲಿಸಿಕೊಳ್ಳುವ ಅಂಗಡಿಗಳು ನಮ್ಮ ಸೀಮೆಯಲ್ಲೆಲ್ಲ ಎರಡೋ ಮೂರೋ. ಹಚ್ಚೆ ಹಾಕಿಸಿಕೊಂಡರೆ ಮಿಕ್ಕ ಬಾಗಿಲುಗಳೆಲ್ಲ ಮುಚ್ಚುತ್ತವೆ ಎಂದೆ. "ಮುಚ್ಚಲಿ ಬಿಡು. ನನಗ ನಮ್ಮಜ್ಜಿ ಚೇಳಽ ಬೇಕು. ಯವ್ವಾ, ನಿನ್ನ ಕೈಗೆ ಸಾವಿರ ಮಂದಿ ಹಚ್ಚಿ ಹತ್ತೈತಿ, ನನಗೊಂದು ಕೊಡಾಕ ಆಗಂಗಿಲ್ಲೇನು?" ಎಂದಳು. ಪೆನ್ನು ಹಿಡಿದು ಕೂತೆ. ಏಳು ಕಾಲು ಬಂದವು. ಬಾಲ ಮೊಣಕೈ ಕಡೆ ತಿರುಗಿತ್ತೋ, ಬೆರಳ ಕಡೆಯೋ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮೂರು ದಿನ ಮುಟ್ಟಿದ್ದ ಕೈ ಇದು. ನಿಮ್ಮ ಫೋನಿನಲ್ಲಿದ್ದ ಚಿತ್ರಗಳಲ್ಲಿ ಒಂದೂ ನಮ್ಮ ಕಾಲದವರೆಗೆ ಉಳಿಯಲಿಲ್ಲ. ಅವಳಿಗೆ ನಾನು ಇನ್ನೂ ನಿಜ ಹೇಳಿಲ್ಲ.

ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಹಿಂದಿನ ಕಾಲಕ್ಕೆ ಪತ್ರ ಒಯ್ಯುತ್ತದೆ, ಉತ್ತರ ತರುವುದಿಲ್ಲ. ನೀವು ಅಳತೆಯ ಒಪ್ಪಂದಕ್ಕೆ ಸಹಿ ಹಾಕುವ ಮೂರು ದಿನ ಮೊದಲು ಈ ಪತ್ರ ನಿಮ್ಮ ಕೈ ಸೇರಬೇಕು. ಸಹಿ ಹಾಕಬೇಡಿ ಎಂದು ಬರೆದು ಹೊಡೆದುಹಾಕಿದ್ದೇನೆ. ಮುಚ್ಚದೆ ನಿಮ್ಮನ್ನು ಒಪ್ಪಿಕೊಂಡ ಮೊದಲ ಬಾಗಿಲು ಅದು, ಅದನ್ನು ಮುಚ್ಚಲು ನಾನು ಯಾರು? ಇಷ್ಟು ಮಾತ್ರ ಮಾಡಿ. ತೆಳು ಕಾಗದವೊಂದನ್ನು ತೋಳಿನ ಮೇಲಿಟ್ಟು ಚೇಳಿನ ಗೆರೆಗಳನ್ನು ಬರೆದುಕೊಳ್ಳಿ, ಬೆರಳ ಕಡೆ ಯಾವುದೆಂದು ಗುರುತು ಹಾಕಿ, ಎಂಟನೆಯ ಕಾಲು ಸೇರಿಸಬೇಡಿ. ಅದನ್ನು ಮಡಚಿ ನಿಮ್ಮ ಹಿತ್ತಾಳೆಯ ಕುಂಕುಮ ಭರಣಿಯೊಳಗೆ ಇಡಿ. ಆ ಭರಣಿ ತಾಯಿಯಿಂದ ಮಗಳಿಗೆ ಬರುತ್ತಾ ನನ್ನ ತನಕ ಬಂದಿದೆ. ಇವತ್ತು ಬೆಳಿಗ್ಗೆಯೂ ತೆರೆದು ನೋಡಿದೆ. ತಳದಲ್ಲಿ ಒಂದಿಷ್ಟು ಕೆಂಪು ಬಿಟ್ಟರೆ ಏನೂ ಇಲ್ಲ, ಈ ಪತ್ರ ಇನ್ನೂ ಹೊರಟಿಲ್ಲವಲ್ಲ.

ಮಾರ್ಚ್ ಐದನೇ ತಾರೀಖು ನೀಲಾಂಬಿಕೆ ಹಚ್ಚೆ ಹಾಕುವವಳ ಹತ್ತಿರ ಹೋಗುತ್ತಾಳೆ. ಅದರ ಹಿಂದಿನ ದಿನ, ಅಂಚೆಗೆ ಹೋಗುವ ಮೊದಲು, ಅಳಿಸಿದವಳು ನಾನೇ ಎಂದು ಅವಳಿಗೆ ಹೇಳುತ್ತೇನೆ. ಪತ್ರ ಹಾಕಿ ಬಂದು ಇಬ್ಬರೂ ಕೂತು ಭರಣಿಯ ಮುಚ್ಚಳ ತೆಗೆಯುತ್ತೇವೆ.

ನಿಮ್ಮ
ಶಾರ್ವರಿ

ಅಂಚೆಗೆ ಹಾಕುವ ದಿನ: ೪ ಮಾರ್ಚ್ ೨೧೪೮