ಬಂಡೆ ಗೊತ್ತಿಲ್ಲದ ನಕ್ಷೆ

ಶಾಲೆ, ವಿಜ್ಞಾನದ ಕೊಠಡಿ
ಜುಲೈ ೧೭, ಗುರುವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೋ, ಇಲ್ಲಾ ಇನ್ನೂ ಹುಡುಗನ ಹಾಗೆ ಪೈಪಿನ ಗುಂಡಿಗೆ ಜಿಗಿಯುತ್ತಿದ್ದೀಯೋ? ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾನು ಚೆನ್ನಾಗಿದ್ದೇನೆ, ಅಮ್ಮನೂ ಚೆನ್ನಾಗಿದ್ದಾಳೆ. ಹತ್ತು ದಿನದಿಂದ ನಿನ್ನ ಫೋನು ಸ್ವಿಚ್ ಆಫ್. ನಿನ್ನ ಜೊತೆ ಕೆಲಸ ಮಾಡುವ ವೆಲ್ಡರ್ ರಜೆ ಮುಗಿಸಿ ಇವತ್ತು ಸಂಜೆಯ ಬಸ್ಸಿಗೆ ವಾಪಸು ಹೊರಟಿದ್ದಾನೆ, ಅವನ ಕೈಗೇ ಈ ಕಾಗದ ಕೊಡುತ್ತೇನೆ. ಕಾಗದವನ್ನು ಸ್ವಿಚ್ ಆಫ್ ಮಾಡುವುದು ನಿನ್ನಿಂದಲೂ ಆಗದು.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ಅವತ್ತು ನೀನು ಅರ್ಧ ಕೇಳಿ ಫೋನು ಇಟ್ಟುಬಿಟ್ಟೆ. ಎಂಟನೇ ತರಗತಿಗೆ ನೀರಿನ ಪಾಠ ಇತ್ತು. ಪುಸ್ತಕ ಓದಿಸಿದರೆ ಮಕ್ಕಳು ಆಕಳಿಸುತ್ತಾರೆ ಎಂದು, ಶಾಲೆಗೆ ಬಂದಿದ್ದ ಆರು ಟ್ಯಾಬ್‌ಗಳಲ್ಲಿ ನಮ್ಮ ಬಡಾವಣೆಯ ನೀರಿನ ನಕ್ಷೆ ಮಾಡಿಸಲು ಹೊರಟೆ. ಒಬ್ಬೊಬ್ಬರೂ ತಮ್ಮ ಮನೆಯ ನಲ್ಲಿ ನೀರನ್ನು ಪರೀಕ್ಷೆಯ ಪುಟ್ಟ ಬಾಟಲಿಯಲ್ಲಿ ತಂದರು. ಕೊಳಚೆ ಬೆರೆತಿದ್ದರೆ ಬಾಟಲಿಯೊಳಗಿನ ಔಷಧಿಗೆ ಎರಡು ದಿನದಲ್ಲಿ ಆ ನೀರು ಕಪ್ಪಗಾಗುತ್ತದೆ. ಕಪ್ಪಾದರೆ ನಕ್ಷೆಯಲ್ಲಿ ಕೆಂಪು ಚುಕ್ಕೆ, ಇಲ್ಲದಿದ್ದರೆ ಹಸಿರು. ನನ್ನ ಬುದ್ಧಿಗೆ ಮಂಕು ಬಡಿದಿತ್ತು ನೋಡು, ಬಾಟಲಿಗಳೆಲ್ಲ ಇಲ್ಲೇ ಇವೆಯಲ್ಲ ಎಂದು ಮಕ್ಕಳನ್ನು ತರಗತಿಯಲ್ಲೇ ಕೂರಿಸಿ ಚುಕ್ಕೆ ಹಾಕಿಸಿದೆ. ಟ್ಯಾಬ್ ತಾನಿರುವ ಜಾಗವನ್ನೇ ಬರೆದುಕೊಳ್ಳುತ್ತದೆ. ನಲವತ್ತೊಂದು ಚುಕ್ಕೆಗಳೂ ಬಂದು ಶಾಲೆಯ ಚಾವಣಿಯ ಮೇಲೆ ಕೂತವು. ನಾನು ನೋಡುವ ಮೊದಲೇ ಹೆಡ್‌ಮಾಸ್ಟರು ಅದನ್ನು ಹೆಮ್ಮೆಯಿಂದ ನೀರಿನ ಕಚೇರಿಗೆ ಕಳಿಸಿಬಿಟ್ಟಿದ್ದರು. ಅಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಮತ್ತೆ ಮಾಡಿಸಿದೆ. ಈ ಸಲ ಪ್ರತಿಯೊಂದು ನಲ್ಲಿಯ ಮುಂದೆ ನಿಂತು, ಬಾಟಲಿಗೆ ನಂಬರು ಬರೆದು, ಅಲ್ಲೇ ಗುರುತು ಹಾಕಿದೆವು. ಮೂರು ದಿನ ಬಿಸಿಲಲ್ಲಿ ಬೀದಿ ಸುತ್ತಿ ನನ್ನ ಚಪ್ಪಲಿಯೂ ಕಿತ್ತುಹೋಯಿತು. ಟೈಲರ್ ಅಂಗಡಿಯ ತನಕ ಎಲ್ಲ ಹಸಿರು. ಅದು ದಾಟಿದ ಮೇಲೆ ಹದಿನೇಳು ಮನೆ, ಹದಿನೇಳೂ ಕೆಂಪು. ಅದನ್ನು ಹಿಡಿದುಕೊಂಡು ಕಚೇರಿಗೆ ಹೋದೆ. ಇಂಜಿನಿಯರು ಮೊದಲು ಚಾವಣಿಯ ನಕ್ಷೆಯನ್ನು ತೆಗೆದು ನನ್ನ ಮುಂದಿಟ್ಟರು. ಆಮೇಲೆ ತಮ್ಮ ನಕ್ಷೆ ಬಿಡಿಸಿ, “ಪೈಪು ರಸ್ತೆ ಪಕ್ಕ ನೆಟ್ಟಗೆ ಹೋಗಿದೆ, ಚರಂಡಿ ಐವತ್ತು ಹೆಜ್ಜೆ ದೂರ. ಕೊಳಚೆ ಏನು ಹಾರಿಕೊಂಡು ಬರುತ್ತೇನ್ರೀ ಮೇಡಂ?” ಅಂದರು. ಮಕ್ಕಳು ಬಾಟಲಿ ತೊಳೆದಿಲ್ಲ, ಅಷ್ಟೇ ಎಂದು ಫೈಲು ಮುಚ್ಚಿದರು. ಮಕ್ಕಳ ಚುಕ್ಕೆ ನಂಬಿ ರಸ್ತೆ ಅಗೆಯಲು ಆಗುವುದಿಲ್ಲವಂತೆ.

ಆದರೆ ಆ ಪೈಪು ಹಾಕಿದವನು ನೀನು. ಆರು ವರ್ಷದ ಹಿಂದೆ ಒಂದು ದಿನ ಅಂಗೈ ತುಂಬ ಬೊಬ್ಬೆ ಮಾಡಿಕೊಂಡು ಬಂದು ಊಟಕ್ಕೆ ಕೂತೆ. ಟೈಲರ್ ಅಂಗಡಿಯ ಹತ್ತಿರ ಬಂಡೆ ಸಿಕ್ಕಿತು, ಉದ್ಘಾಟನೆಗೆ ನಾಲ್ಕೇ ದಿನ ಇದೆ ಎಂದು ಕಂಟ್ರಾಕ್ಟರು ತಲೆ ತಿನ್ನುತ್ತಿದ್ದಾನೆ, ಪೈಪನ್ನು ಅಂಗಡಿಯ ಹಿಂದಿನ ಚರಂಡಿಯ ಕಡೆಗೆ ತಿರುಗಿಸಿದೆವು ಎಂದೆ. ನಕ್ಷೆಯಲ್ಲಿ ಹಾಗಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ, “ನಕ್ಷೆಗೆ ಬಂಡೆ ಗೊತ್ತಿಲ್ಲ ಕಣೇ” ಅಂದು ನಕ್ಕೆ. ನಾವೂ ನಕ್ಕೆವು. ಎಷ್ಟೋ ದಿನ ಅದು ಮನೆಯಲ್ಲಿ ಗಾದೆಯ ಹಾಗೆ ಓಡಾಡಿಕೊಂಡಿತ್ತು. ಅವತ್ತು ಫೋನಿನಲ್ಲಿ ನಾನು ಅದನ್ನಷ್ಟೇ ಕೇಳಿದೆ, ನಿನ್ನ ಮೇಲೆ ತಪ್ಪು ಹೊರಿಸಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡೆಯಲ್ಲೋ.

ಪ್ಲಂಬರ್ ಲೈಸೆನ್ಸು ಹೋಗುತ್ತದೆ ಎಂಬ ಭಯ ನಿನಗೆ. ಗೊತ್ತು. ಆ ಲೈಸೆನ್ಸಿನ ಪುಸ್ತಕವನ್ನು ನೀನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳುವುದನ್ನು ನಾನು ನೋಡಿಲ್ಲವೇ? ಆದರೆ ನನ್ನ ತರಗತಿಯಲ್ಲಿ ಒಂಬತ್ತು ಜಾಗ ಖಾಲಿ ಇವೆ. ಮೊದಲ ಬೆಂಚಿನ ಇಬ್ಬರು ವಾಂತಿಭೇದಿಯಾಗಿ ಆಸ್ಪತ್ರೆಯಲ್ಲಿದ್ದಾರೆ, ಒಬ್ಬಳಿಗೆ ಡ್ರಿಪ್ ಹಾಕಿದ್ದಾರೆ. ನಮ್ಮ ನಕ್ಷೆ ತಪ್ಪು ಎಂದು ನಾನು ಸೋಮವಾರದೊಳಗೆ ನೀರಿನ ಕಚೇರಿಗೆ ಬರೆದುಕೊಟ್ಟು, ಅದನ್ನು ಅಳಿಸಿಹಾಕಬೇಕಂತೆ. ಹೆಡ್‌ಮಾಸ್ಟರು ಕಾಗದವನ್ನು ತಾವೇ ಟೈಪ್ ಮಾಡಿಸಿ ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ, ಸಹಿಯೊಂದೇ ಬಾಕಿ. ನನಗೆ ಕೈಕಾಲೇ ಆಡುತ್ತಿಲ್ಲ ಅಣ್ಣಾ. ಮನೆಮನೆಗೆ ಹೋಗಿ ನೀರು ಕುದಿಸಿ ಎಂದು ಹೇಳಿದೆ. ಚಾವಣಿ ಟೀಚರ್ ಬಂದರು ಎಂದು ನಗುತ್ತಾರೆ. ನಾನೊಬ್ಬಳೇ ಎಷ್ಟು ಬಾಗಿಲು ತಟ್ಟಲಿ?

ನಕ್ಷೆಯ ಪ್ರತಿ ಇದರ ಜೊತೆಗಿದೆ. ಪೈಪು ಎಲ್ಲಿ ತಿರುಗಿತು, ಎಲ್ಲಿ ಚರಂಡಿ ದಾಟಿತು, ಪೆನ್ನಲ್ಲಿ ಗೆರೆ ಎಳೆದು ಸಹಿ ಹಾಕಿ, ಸೋಮವಾರದೊಳಗೆ ನನಗೆ ತಲುಪಿಸು. ಕಂಟ್ರಾಕ್ಟರನ ಹೆಸರನ್ನೂ ಬರಿ, ತಪ್ಪು ನಿನ್ನೊಬ್ಬನದಲ್ಲ. ಲೈಸೆನ್ಸು ಹೋದರೆ ನನ್ನ ಸಂಬಳದಲ್ಲಿ ಮೂವರೂ ಉಣ್ಣೋಣ. ಚಿಕ್ಕಂದಿನಲ್ಲಿ ನನ್ನ ಪಾಲಿನ ಏಟನ್ನೆಲ್ಲ ನೀನೇ ತಿಂದವನು, ಈಗ ಮಾತ್ರ ಯಾಕೆ ಹೀಗೆ ಮುಖ ಮರೆಸಿಕೊಂಡೆ?

ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ನಿನ್ನ ಮೊಣಕಾಲಿಗೂ ಮನಸ್ಸಿಗೂ ಒಳ್ಳೆಯದಾಗಲಿ.

ನಿನ್ನ ತಂಗಿ,
ನೀನೇ ಹೆಸರಿಟ್ಟ ‘ಪ್ರಶ್ನೆಪತ್ರಿಕೆ’

ಮತ್ತೆ: ವೆಲ್ಡರ್ ಬಾಗಿಲಲ್ಲಿ ನಿಂತಿದ್ದಾನೆ. ಅಮ್ಮ ಚೆನ್ನಾಗಿದ್ದಾಳೆ ಎಂದು ಮೇಲೆ ಬರೆದದ್ದು ಸುಳ್ಳು. ಕೆಂಪಾದ ಒಂಬತ್ತನೇ ನಂಬರು ನಮ್ಮ ಮನೆಯದು. ಮಂಗಳವಾರದಿಂದ ಅವಳೂ ಆಸ್ಪತ್ರೆಯಲ್ಲಿದ್ದಾಳೆ, ಎದ್ದು ಕೂರಲು ಶಕ್ತಿಯಿಲ್ಲ. ಕುದಿಸಿಟ್ಟ ನೀರನ್ನು ನಾನು ಶಾಲೆಗೆ ಹೋದ ಮೇಲೆ ಚೆಲ್ಲಿ ನಲ್ಲಿ ನೀರನ್ನೇ ಕುಡಿಯುತ್ತಿದ್ದಳಂತೆ. ಕೇಳಿದರೆ, “ನನ್ನ ಮಗ ಹಾಕಿದ ಪೈಪಿನ ನೀರು ಕಣೇ, ಅದಕ್ಕೇನಾಗುತ್ತೆ” ಅಂದಳು. ಬೆಳಿಗ್ಗೆ ಹೋದಾಗಲೂ, ಆಸ್ಪತ್ರೆಯ ನೀರು ಸೇರುವುದಿಲ್ಲ, ಮನೆಯಿಂದ ಒಂದು ಬಾಟಲಿ ತುಂಬಿಸಿಕೊಂಡು ಬಾ ಎನ್ನುತ್ತಿದ್ದಳು.