ಗಿರಣಿಯ ಹಿಂದಿನ ದಾರಿ

ಭಾನುವಾರ, ೧೪ನೇ ತಾರೀಖು

ಪ್ರೀತಿಯ ಬಡಗಿಗೆ,

ಹೇಗಿದ್ದೀಯ? ನಿನ್ನ ಮೂರು ಕಾಗದ ಬಂದವು; ಒಂದಕ್ಕೂ ಉತ್ತರ ಬರೆಯಲಿಲ್ಲ. ಬಿಡುವಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಬೈಯುವುದಿದ್ದರೆ ಇಲ್ಲೇ ಬೈದು ಮುಗಿಸಿ ಮುಂದೆ ಓದು.

ಮಗಳ ಮುಂದಿನ ಎರಡು ಹಲ್ಲು ಬಿದ್ದಿವೆ. ‘ಸ’ ಎಂದರೆ ಬರೀ ಗಾಳಿ. ನೀನು ಮಾಡಿದ ಮೇಜಿನ ಕೆಳಗೆ ಕೂತು ಓದುತ್ತಾಳೆ. ಯಾಕೇ ಎಂದರೆ, “ಇಲ್ಲಿ ಅಪ್ಪನ ಪೆನ್ಸಿಲ್ ಗುರುತಿದೆ” ಎನ್ನುತ್ತಾಳೆ. ನಾನೂ ಒಮ್ಮೆ ತೂರಿ ನೋಡಿದೆ. ಅಳತೆಯ ಅಂಕಿಗಳು, ನಿನ್ನ ಸೊಟ್ಟ ಏಳು. ಸ್ವಲ್ಪ ಹೊತ್ತು ಅಲ್ಲೇ ಮಲಗಿಬಿಟ್ಟೆ. ಪೇಪರ್ ಇಲ್ಲವೆಂದು ಪೊಲೀಸರು ನಿನ್ನನ್ನು ಹಿಡಿದು ಗಡಿಯಾಚೆ ಕಳಿಸಿ ಹನ್ನೊಂದು ತಿಂಗಳಾಯಿತು. ಇನ್ನೆರಡು ವರ್ಷ ನೀನು ವಾಪಸ್ ಬರಲು ಅರ್ಜಿ ಹಾಕುವಂತಿಲ್ಲವಂತೆ.

ಹೋದ ವಾರ ಸಂಶೋಧನೆಗೆಂದು ಗಡಿಯ ತಪಾಸಣಾ ಠಾಣೆಗೆ ಹೋಗಿದ್ದೆ. ಬೇಲಿಯಾಚೆ ನಿಮ್ಮ ಕಡೆಯ ಬಸ್ಸು ನಿಂತಿತು. ಇಳಿದವರಲ್ಲಿ ಒಬ್ಬನ ಹೆಗಲು ನಿನ್ನದೇ ಅನ್ನಿಸಿ ಎರಡು ಹೆಜ್ಜೆ ಮುಂದಿಟ್ಟೆ. “ಮೇಡಂ, ಗೆರೆ ದಾಟ್ಬೇಡಿ” ಎಂದ ಕಾವಲಿನವನು. ಹತ್ತು ವರ್ಷದಿಂದ ಆ ಗೆರೆಯದೇ ಪಾಠ ಮಾಡುವವಳಿಗೆ! ನಗು ಬಂತು. ಬಸ್ಸು ಹೊರಟ ಮೇಲೆ ಅದೂ ಹೋಯಿತು.

ಮರುದಿನ ಬೇಕರಿಯ ಅಕ್ಕನನ್ನು ಮಾತಾಡಿಸಲು ಹೋದೆ. ನಿನ್ನ ಜೊತೆಗೇ ಅವಳ ಗಂಡನನ್ನೂ ಹಿಡಿದರಲ್ಲ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು, ಕೈಯ ಹಿಟ್ಟು ಒರೆಸಿಕೊಂಡು, ಕೊನೆಗೆ ಅವಳೇ ಕೇಳಿದಳು: “ನೀವು ಓದಿದೋರು, ಒಂದ್ ವಿಷ್ಯ ಹೇಳಿ. ಗಿರಣಿ ಹಿಂದಿನ ದಾರಿ, ಪೇಪರ್ ಇಲ್ದೆ ಕೆಲ್ಸಕ್ಕೆ ಹೋಗೋ ನಾಲ್ಕು ಜನಕ್ಕೆ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ಪೊಲೀಸ್ನೋರು ಸೀದಾ ಅಲ್ಲಿಗೇ ಹೇಗೆ ಬಂದು ನಿಂತ್ರು?”

“ಗೊತ್ತಿಲ್ಲಕ್ಕ” ಎಂದೆ.

ಅವಳು ಬಿಸಿ ಬ್ರೆಡ್ಡನ್ನು ಪೇಪರಿನಲ್ಲಿ ಸುತ್ತಿ, “ಮಗೂಗೆ ಕೊಡಿ” ಎಂದು ನನ್ನ ಕೈಗಿಟ್ಟಳು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ, ಕಣ್ಣಿಗೆ ಏನೂ ಆಗದಿರಲಿ. ನೀನಿರುವ ಕಡೆ ನಾಲ್ಕು ಜನ ಒಳ್ಳೆಯವರು ಸಿಗಲಿ.

ನಿನ್ನ
ಮೇಷ್ಟ್ರಮ್ಮ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಅಕ್ಕನಿಗೆ ನಾನು ಸುಳ್ಳು ಹೇಳಿದೆ. ಹೋದ ತಿಂಗಳೇ ವಕೀಲರು ನಿನ್ನ ಫೈಲಿನ ಪ್ರತಿ ತಂದುಕೊಟ್ಟಿದ್ದರು. ಅದರಲ್ಲಿ, ನಿನ್ನನ್ನು ಹಿಡಿಯುವ ಮೊದಲೇ ಅಚ್ಚಾಗಿದ್ದ ನನ್ನ ಲೇಖನದ ನಕ್ಷೆಯಿದೆ. ಜನರ ಹೆಸರು, ಬೀದಿಯ ಹೆಸರು ಎಲ್ಲ ಮುಚ್ಚಿಟ್ಟಿದ್ದೆ. ಆದರೆ ಗಿರಣಿ ಹಿಂದಿನ ಆ ದಾರಿಯನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿದ್ದೆ, ಜನ ಎಷ್ಟು ಸುತ್ತಿ ಬಳಸಿ, ಹೆದರಿ ನಡೆಯುತ್ತಾರೆಂದು ತೋರಿಸಲು. ನೀನೇ ಒಂದು ಸಂಜೆ ನನ್ನ ಕೈ ಹಿಡಿದು ನಡೆಸಿ ತೋರಿಸಿದ್ದ ದಾರಿ. ನಾಳೆ ಹೋಗಿ ಅಕ್ಕನಿಗೆ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು. ನನಗೆ ಬರೆಯಲು ಮನಸ್ಸಾಗದಿದ್ದರೆ, ಮಗಳ ಹೆಸರಿಗಾದರೂ ಬರೆ.